ಗೇಣುದ್ದದ ಸೇವಂತಿಗೆ

ನಾನು ಸಂಶಯದ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳುವುದೆಲ್ಲ ಅದರಿಂದಲೇ ಆದದ್ದು. ಹಾಲಿನವನು ಬಂದರೆ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಗ್ಯಾಸ್ ತಂದವನ ಎದುರಿಗೇ ಸಿಲಿಂಡರ್ ತೂಗಿಸುತ್ತೇನೆ. ಬಾಗಲಕೋಟೆಯ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಜೀವಶಾಸ್ತ್ರ ಕಲಿಸಿದ್ದೇನೆ, ಅಷ್ಟೇ ವರ್ಷ ಪರೀಕ್ಷೆಯ ಕೋಣೆ ಕಾದಿದ್ದೇನೆ. ಹುಡುಗರ ಅಂಗಿಯ ತೋಳು, ಹುಡುಗಿಯರ ಕರ್ಚೀಫು, ಕಂಪಾಸ್ ಪೆಟ್ಟಿಗೆಯ ಮುಚ್ಚಳ, ಎಲ್ಲಿ ಏನು ಅಡಗಿರುತ್ತದೆ ಎಂದು ನನಗೆ ಗೊತ್ತು. ಆ ಕಣ್ಣು ಮನೆಗೆ ಬಂದರೂ ಮುಚ್ಚುವುದಿಲ್ಲ. ನನ್ನ ಗಂಡ ಒಮ್ಮೆ ಊಟಕ್ಕೆ ಕೂತವನು, "ನಿನ್ನ ಮುಂದ ಕುಂತು ಉಣ್ಣಾಕ ಹಾಲ್ ಟಿಕೆಟ್ ಬೇಕಾಗ್ತೈತಿ ನೋಡು" ಎಂದಿದ್ದ.

ಈ ಸ್ವಭಾವದಿಂದ ನನಗೆ ನಷ್ಟವಾಗಿದೆ ಎಂದು ಬಹಳ ದಿನ ಅನ್ನಿಸಿರಲಿಲ್ಲ. ನಾಲ್ಕು ಸಲ ಸಂಶಯಪಟ್ಟರೆ ಒಂದು ಸಲವಾದರೂ ನಿಜವಾಗುತ್ತಿತ್ತು, ಅಷ್ಟು ಸಾಕಿತ್ತು ನನಗೆ. ಆಮೇಲೆ ಒಂದು ಸೇವಂತಿಗೆ ಗಿಡದ ಹೆಸರಿನಲ್ಲಿ ನನ್ನ ಇದ್ದೊಬ್ಬ ಗೆಳತಿಯನ್ನು, ಗಿರಾಕಿಗಳ ಎದುರಿಗೆ, ಕಳ್ಳಿ ಎಂದೆ.

ಅವಳು ಇಳಕಲ್ಲಿನವಳು. ಅಂದರೆ ಮದುವೆಯಾಗಿ ಇಳಕಲ್ಲಿಗೆ ಹೋದವಳು. ಬಿಎಸ್‌ಸಿ ಓದುವಾಗ ಇಬ್ಬರೂ ಒಂದೇ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ನಾನು ಪೆಟ್ಟಿಗೆಗೆ ಎರಡು ಕೀಲಿ ಹಾಕುತ್ತಿದ್ದೆ, ಅವಳ ಪೆಟ್ಟಿಗೆಗೆ ಕೊಂಡಿಯೇ ಇರಲಿಲ್ಲ. ಗಂಡನ ಮನೆಯವರದು ಸೀರೆಯ ವ್ಯಾಪಾರ. ಅವಳಿಗೆ ಅದು ಹಿಡಿಸಲಿಲ್ಲ, ಊರ ಹೊರಗಿದ್ದ ಮೂರು ಗುಂಟೆ ಜಾಗದಲ್ಲಿ ನರ್ಸರಿ ಹಾಕಿದಳು. ಯಾರಾದರೂ ಸಸಿ ಕೇಳಿದರೆ, "ಒಯ್ರಿ, ಹತ್ತಿದ ಮ್ಯಾಲೆ ಬಂದು ಹೇಳ್ರಿ" ಎನ್ನುವ ಜಾತಿಯವಳು. ಎಷ್ಟೋ ಜನ ಹೇಳಲು ಬರುತ್ತಿರಲಿಲ್ಲ. ಅವರನ್ನು ನಾನು ಬೈಯುತ್ತಿದ್ದೆ, ಅವಳು ಮರೆತುಬಿಡುತ್ತಿದ್ದಳು. ನಾನು ಹೋದಾಗ ಒಂದೇ ಕಪ್ ಚಹ ಮಾಡಿ, ಅರ್ಧ ಬಸಿಗೆ ಸುರಿದು ನನಗೆ ಬಸಿ ಕೊಟ್ಟು ತಾನು ಕಪ್ ಹಿಡಿಯುತ್ತಿದ್ದಳು. ಹಾಸ್ಟೆಲಿನಲ್ಲಿ ಬಿದ್ದ ರೂಢಿ ಅದು.

ಗಿಡದ ಯೋಚನೆಯೂ ಅವಳದೇ. ಬೇವೂರಿನ ಕಡೆಯ ಹೊಲಗಳಲ್ಲಿ ಮಾಲೆಗೆ ಬೆಳೆಯುವ ನಮ್ಮ ಹಳದಿ ಸೇವಂತಿಗೆ ಗಟ್ಟಿ ಪಿಂಡ. ಎಂಥ ಬಿಸಿಲಿಗೂ ಜಗ್ಗುವುದಿಲ್ಲ. ಆದರೆ ಕುಂಡದಲ್ಲಿಟ್ಟರೆ ಸೊಂಟದ ತನಕ ಬೆಳೆದು, ಕೋಲು ಕಟ್ಟದಿದ್ದರೆ ಮಗುಚಿ ಬೀಳುತ್ತದೆ. ಹೊರಗಿನಿಂದ ಟೆಂಪೋದಲ್ಲಿ ಬರುವ ಕುಂಡದ ಸೇವಂತಿಗೆ ನೋಡಲು ಮುದ್ದಾಗಿರುತ್ತದೆ, ಶಿವರಾತ್ರಿ ದಾಟಿದರೆ ನಮ್ಮ ಬಿಸಿಲಿಗೆ ಒಣಗುತ್ತದೆ. "ಎರಡೂ ಕೂಡಿಸಿ ಒಂದು ಗಿಡ ಮಾಡೂಣು ಬೇ. ಗೇಣುದ್ದ ಇರಬೇಕು, ಮೈ ತುಂಬ ಹೂ ಬಿಡಬೇಕು, ಬ್ಯಾಸಗಿ ದಾಟಬೇಕು. ನೀ ಸಾಲ್ಯಾಗ ಕಲಸೂದ ಅದನ್ನಲ್ಲ?" ಎಂದಳು. ತಳಿ ಆದರೆ ಇಬ್ಬರ ಹೆಸರಲ್ಲೂ ಇರಲಿ ಎಂದು ಆವತ್ತೇ ಮಾತಾಯಿತು.

ಹೂವಿಗೆ ಹೂ ಕೂಡಿಸುವ ಕೆಲಸ ನಮ್ಮ ಮಾಳಿಗೆಯ ಮೇಲೆ ನಡೆಯಿತು. ಹಳೇ ಬಾಗಲಕೋಟೆಯ ಮನೆ ಹಿನ್ನೀರಿನಲ್ಲಿ ಮುಳುಗಿದ ಮೇಲೆ ನವನಗರದಲ್ಲಿ ಕಟ್ಟಿಕೊಂಡ ಮನೆ ನಮ್ಮದು, ಮಾಳಿಗೆ ದೊಡ್ಡದಿದೆ. ಆ ಚಳಿಗಾಲ ನಾನು ಸಣ್ಣ ಕತ್ತರಿಯಿಂದ ಹೂವಿನ ಎಸಳುಗಳನ್ನು ಮೋಟು ಮಾಡಿ, ಒಳಗಿನ ಎಳೆ ಮೇಲೆದ್ದಾಗ ಇನ್ನೊಂದು ಹೂವಿನ ಪರಾಗವನ್ನು ಕುಂಚದಿಂದ ಸವರಿ, ಮೇಲೆ ಮಲ್ ಬಟ್ಟೆಯ ಚೀಲ ಕಟ್ಟಿದೆ. ಜೇನುನೊಣ ಬೇರೆ ಪರಾಗ ತಂದೀತು ಎಂಬ ಭಯ. ನೊಣದ ಮೇಲೂ ನಂಬಿಕೆಯಿಲ್ಲ ನನಗೆ.

ಮನೆಯವರಿಗೆಲ್ಲ ಒಂದು ಕಟ್ಟಪ್ಪಣೆ ಹೊರಡಿಸಿದೆ. ಮಾಳಿಗೆಯ ಮೇಲಿನ ಒಂದು ಹೂವನ್ನೂ ಯಾರೂ ಕೀಳಬಾರದು. ಇದು ಹೆಚ್ಚಾಗಿ ತಾಗಿದ್ದು ನನ್ನ ಮಾವನವರಿಗೆ. ಎಂಬತ್ತರ ಹತ್ತಿರದ ಅವರು ದಿನಾ ಸ್ನಾನ ಮಾಡಿ, ಅಂಗೈಯ ಮೇಲೆ ಲಿಂಗವಿಟ್ಟು ಪೂಜೆ ಮಾಡದೆ ಬಾಯಿಗೆ ನೀರು ಹಾಕುವವರಲ್ಲ. ಪೂಜೆಯ ಹೂ ಮಾಳಿಗೆಯಿಂದಲೇ ಬರುತ್ತಿತ್ತು. "ಮಾವಾರ, ಇನ್ನ ಮ್ಯಾಲೆ ಹೂವಿಗೆ ಕೈ ಹಚ್ಚಬ್ಯಾಡ್ರಿ. ಬೀಜ ಮಾಡಾಕತ್ತೇನಿ" ಎಂದೆ. ಅವರು, "ಆತವಾ" ಎಂದರು. ಅಷ್ಟೇ. ಮಾರನೆಯ ದಿನದಿಂದ ಹೂಗಳು ಇದ್ದಲ್ಲೇ ಇದ್ದವು. ಒಂದು ವಾರ ನಾನು ಎಣಿಸಿ ನೋಡಿದೆ, ನನ್ನ ರೂಢಿ. ಒಂದೂ ಕಡಿಮೆಯಾಗಿರಲಿಲ್ಲ.

ಬೀಜ ಬಲಿತವು. ಬಿತ್ತಿದ್ದರಲ್ಲಿ ಎಪ್ಪತ್ತರಷ್ಟು ಸಸಿ ಉಳಿದವು. ಅಷ್ಟಕ್ಕೂ ಕುಂಡ ಹುಡುಕಿ, ಎಣ್ಣೆಯ ಡಬ್ಬಿ, ಬಣ್ಣದ ಡಬ್ಬಿ ತೂತು ಮಾಡಿ ಮಾಳಿಗೆ ತುಂಬ ಸಾಲಾಗಿ ಇಟ್ಟೆ. ಕೊನೆಗೆ ಮೂರು ಕುಂಡಗಳಿಗೆ ನೆಲದಲ್ಲಿ ಜಾಗ ಸಾಲಲಿಲ್ಲ. ಮೆಟ್ಟಿಲು ಹತ್ತಿ ಬಂದರೆ ಎದುರಿಗೇ ನೀರಿನ ಟ್ಯಾಂಕು, ಅದರ ಪಕ್ಕದಲ್ಲಿ ಸೊಂಟದೆತ್ತರದ ಸಿಮೆಂಟಿನ ಕಟ್ಟೆ. ಆ ಮೂರನ್ನು ಕಟ್ಟೆಯ ಮೇಲೆ ಇಟ್ಟೆ. ಯಾವ ಯೋಚನೆಯೂ ಇರಲಿಲ್ಲ ಅದರ ಹಿಂದೆ.

ದೀಪಾವಳಿಯ ಹೊತ್ತಿಗೆ ಮೊಗ್ಗು ಬಂದವು. ನೆಲದ ಮೇಲಿನ ಗಿಡಗಳೆಲ್ಲ ಅಪ್ಪನಂತೆ ಉದ್ದ, ಇಲ್ಲವೆ ಅವ್ವನಂತೆ ಬಡಕಲು. ಕಟ್ಟೆಯ ಮೇಲಿನ ಒಂದು ಗಿಡ ಮಾತ್ರ ಗೇಣಿಗಿಂತ ಒಂದು ಬೆರಳೂ ಮೇಲೆ ಹೋಗದೆ, ಬೋರಲು ಹಾಕಿದ ಬುಟ್ಟಿಯಂತೆ ದುಂಡಗೆ ಬೆಳೆದು, ಮೈಯೆಲ್ಲ ಹೂವಾಯಿತು. ಹಳದಿ ಎಸಳು, ಅಂಚಿಗೆ ತಾಮ್ರದ ಬಣ್ಣದ ಗೆರೆ. ಅದರ ಪಕ್ಕದ ಒಂದು ಗಿಡ ಬೇರು ಕೊಳೆತು ಸತ್ತಿತ್ತು. ಇನ್ನೊಂದು ಬದುಕಿತ್ತು, ಅದೂ ಗಿಡ್ಡವೇ ಆಗಿತ್ತು, ಹೂವಿನ ಬಣ್ಣ ಮಾತ್ರ ಒಗೆದು ಒಗೆದು ಬಿಳಿಚಿಕೊಂಡ ಜಂಪರಿನಂತಿತ್ತು. ಅದನ್ನು ಕಿತ್ತೆಸೆದೆ. ಎಪ್ಪತ್ತರಲ್ಲಿ ಎರಡೇ ಗಿಡ್ಡ, ಎರಡೂ ಒಂದೇ ಕಟ್ಟೆಯ ಮೇಲಿನವು. ಹಾಲಿನಲ್ಲಿ ನೀರು ಹುಡುಕುವವಳಿಗೆ ಅಲ್ಲಿ ಸಂಶಯವೇ ಬರಲಿಲ್ಲ. ನಮಗೆ ಬೇಕಾದದ್ದು ಕಣ್ಣೆದುರಿಗೆ ಬಂದು ನಿಂತಾಗ ಸಂಶಯ ಯಾಕೋ ಬಾಯಿ ಮುಚ್ಚಿಕೊಂಡಿರುತ್ತದೆ.

ಗೆಳತಿ ಮಾರನೆಯ ದಿನವೇ ಬಸ್ಸು ಹತ್ತಿ ಬಂದಳು. ಗಿಡದ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಸುತ್ತಲೂ ನೋಡಿ, ಕಣ್ಣಲ್ಲಿ ನೀರು ತಂದುಕೊಂಡಳು. ಗುರುತಿನ ತೋಟಗಾರಿಕೆ ಪ್ರಾಧ್ಯಾಪಕರೊಬ್ಬರಿಗೆ ಫೋಟೋ ಕಳಿಸಿದೆವು. ಅವರು ಹಿಗ್ಗಲಿಲ್ಲ. "ಚಲೋ ಐತ್ರಿ. ಆದ್ರ ಒಂದ ಗಿಡ ನೋಡಿ ಏನೂ ಹೇಳಾಕ ಬರೂದಿಲ್ಲ. ಟೊಂಗಿ ಹಚ್ಚಿ ಬ್ಯಾರೆ ಊರಾಗ ಬೆಳಸ್ರಿ. ಅಲ್ಲೂ ಗಿಡ್ಡ ಉಳೀತು ಅಂದ್ರ ಮಾತಾಡೂಣು" ಎಂದರು.

ಹಾಗೆ, ಮಳೆಗಾಲದ ಮೊದಲಿಗೆ, ಬೇರು ಬಿಟ್ಟ ಹನ್ನೆರಡು ತುಂಡುಗಳನ್ನು ಇಳಕಲ್ಲಿಗೆ ಕೊಟ್ಟೆ. ತಾಯಿಗಿಡವನ್ನೂ ಎರಡು ಮರಿಗಳನ್ನೂ ನಾನು ಇಟ್ಟುಕೊಂಡೆ, ಅದೇ ಕಟ್ಟೆಯ ಮೇಲೆ. ಕೊಡುವಾಗ ಎರಡು ಸಲ ಎಣಿಸಿದೆ, ಸುಳ್ಳು ಹೇಳುವುದಿಲ್ಲ. "ಯಾರಿಗೂ ಒಂದು ಎಲಿ ಸುದ್ಧಾ ಕೊಡಬ್ಯಾಡ" ಎಂದು ಮೂರು ಸಲ ಹೇಳಿದೆ. ಅವಳು ನಗುತ್ತಿದ್ದಳು. "ನಿನ್ನ ಕೂಸನ್ನ ನಾ ಎತ್ತಿ ಆಡಸ್ತೇನಿ, ಮಾರೂದಿಲ್ಲ" ಎಂದಳು.

ಆ ಬೇಸಿಗೆಯಲ್ಲೇ ಒಂದು ದಿನ ನನ್ನ ಕಟ್ಟೆಯ ಗಿಡದಲ್ಲಿ ಒಂದು ಕುಡಿ ಮುರಿದದ್ದು ಕಂಡಿದ್ದೆ. ಉಗುರಿನಿಂದ ಕತ್ತರಿಸಿದಂತೆ ಹಸಿ ಗಾಯ. ನಮ್ಮ ಮಾಳಿಗೆಗೂ ಪಕ್ಕದ ಮನೆಯವರ ಮಾಳಿಗೆಗೂ ನಡುವೆ ಇರುವುದು ಮೊಣಕಾಲೆತ್ತರದ ಗೋಡೆ. ಆ ಮನೆಯಾಕೆ ಹಿಂದಿನ ವಾರವಷ್ಟೇ, "ನಿಮ್ಮ ಸೇವಂತಿಗಿ ಭಾಳ ಚಂದ ಐತ್ರಿ" ಎಂದಿದ್ದರು. ಹೊಗಳಿದವರೇ ಕುಡಿ ಕದ್ದು ನೆಟ್ಟುಕೊಂಡಿರಬೇಕು ಎಂದು ತೀರ್ಮಾನಿಸಿ, ಗೋಡೆಯ ಉದ್ದಕ್ಕೂ ಜಾಲಿಮುಳ್ಳು ತಂದು ಹೇರಿದೆ. ಮುಂದಿನ ಹಬ್ಬಕ್ಕೆ ಅವರ ಮನೆಯಿಂದ ಹೋಳಿಗೆ ಬರಲಿಲ್ಲ. ನೋಡಿದಿರಾ, ತಪ್ಪು ಮಾಡಿದ್ದಕ್ಕೇ ಮುಖ ತಪ್ಪಿಸುತ್ತಾರೆ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿದೆ, ಏನು ತಪ್ಪೆಂದು ಬಿಡಿಸಿ ಹೇಳಲಿಲ್ಲ. ಮಾವನವರೂ ಕೇಳಿಸಿಕೊಂಡರು, ಹೌದೇನೋ ಎಂಬಂತೆ ತಲೆಯಾಡಿಸಿದರು.

ದಸರೆಯ ಮುಂಚೆ ಇಳಕಲ್ಲಿನಿಂದ ಫೋನು ಬಂತು.

"ಏ, ನಿನ್ನ ಗಿಡ ಭಾಳ ಉದ್ದ ಬೆಳ್ಯಾಕತ್ಯಾವ ಬೇ. ಮೊಣಕಾಲ ದಾಟಿ ಹೋದೂವು."

"ಎಷ್ಟು?"

"ಎಲ್ಲಾ ಹನ್ನೆರಡೂ. ನನಗ ಏನೂ ತಿಳೀವಲ್ದು. ನಿನ್ನೂವು ಹ್ಯಾಂಗ ಅದಾವ?"

ನನ್ನ ಮೂರು ಗಿಡ ಗೇಣುದ್ದವೇ ಇದ್ದವು. "ಗಿಡ್ಡನ ಅದಾವ" ಎಂದು ಫೋನು ಇಟ್ಟೆ. ಒಂದೇ ತಾಯಿಯ ಟೊಂಗೆ, ಅಲ್ಲಿ ಉದ್ದ, ಇಲ್ಲಿ ಗಿಡ್ಡ. ಒಂದೋ ಗಿಡ ಸುಳ್ಳು, ಇಲ್ಲವೆ ಮನುಷ್ಯರು ಸುಳ್ಳು. ಗಿಡ ಸುಳ್ಳಾಗುವುದು ನನಗೆ ಬೇಕಿರಲಿಲ್ಲ. ನಿಜವಾದ ಹನ್ನೆರಡನ್ನು ಎಲ್ಲಿಯೋ ಬಚ್ಚಿಟ್ಟು, ಬೇರೆ ಯಾವುದೋ ಉದ್ದನೆಯ ಸೇವಂತಿಗೆ ತೋರಿಸಿ, ತಳಿ ಕೆಟ್ಟಿತು ಎಂದು ನನ್ನ ಕೈಯಲ್ಲಿ ಬಿಡಿಸುವ ಹೂಟವಿರಬಹುದೇ? ಹೀಗೆ ಒಂದು ಯೋಚನೆ ಬಂದದ್ದನ್ನು ಆ ಗಳಿಗೆಯಲ್ಲೇ ಹೊರಗೆ ಹಾಕಬೇಕಿತ್ತು. ಹಾಕಲಿಲ್ಲ, ಒಳಗೆ ಕರೆದು ಮಣೆ ಹಾಕಿದೆ. ಅವಳು ಹಿಂದೆ ಆಡಿದ ಮಾತುಗಳೆಲ್ಲ ಒಂದೊಂದೇ ಬೇರೆ ಅರ್ಥ ಹೊತ್ತು ಬರತೊಡಗಿದವು. ಎಂದೋ, ಇಂಥ ಗಿಡ ಸಿಕ್ಕರೆ ನನ್ನ ನರ್ಸರಿ ನಿಲ್ಲುತ್ತದೆ ಎಂದಿದ್ದಳು. ಗಿಡ ನೋಡಿದ ದಿನ ಅತ್ತದ್ದು ಯಾಕೆ, ಅದೂ ಲೆಕ್ಕಕ್ಕೆ ಬಂತು.

ಆಮೇಲೆ ಬಾದಾಮಿಯ ಪ್ರವಾಸ. ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಪಟ್ಟದಕಲ್ಲು ನೋಡಿ, ಸಂಜೆ ಬಾದಾಮಿಗೆ ಬಂದೆವು. ಬಸ್ಸಿಗೆ ಡೀಸೆಲ್ ಹಾಕಿಸಲು ನಿಲ್ಲಿಸಿದಲ್ಲಿ ರಸ್ತೆಯ ಬದಿಗೆ ಒಂದು ನರ್ಸರಿ. ಮುಂದಿನ ಸಾಲಿನಲ್ಲಿ ಕುಂಡಗಳು. ಗೇಣುದ್ದ, ದುಂಡಗೆ, ಮೈ ತುಂಬ ಹಳದಿ ಸೇವಂತಿಗೆ. ಇಳಿಬಿಸಿಲಿನಲ್ಲಿ ಎಸಳಿನ ಅಂಚಿಗೆ ಕೆಂಪು ಗೆರೆ.

"ಇವು ಎಲ್ಲಿಂದ ಬರ್ತಾವು?" ಎಂದು ಅಂಗಡಿಯವನನ್ನು ಕೇಳಿದೆ.

"ಹುನಗುಂದ, ಇಳಕಲ್ಲ ಕಡಿಂದ ಟೆಂಪೋ ಬರ್ತೈತ್ರಿ ಅಕ್ಕಾರ."

"ಕಳಸವ್ರು ಯಾರು?"

"ಅದು ನಮಗ ಗೊತ್ತಿಲ್ರಿ. ಇಳಸ್ತಾರ, ಹೋಗ್ತಾರ."

ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ, ಆ ಟೆಂಪೋ ಇಳಕಲ್ಲಿನಿಂದ ಹೊರಡುವುದಿಲ್ಲ, ಮಹಾರಾಷ್ಟ್ರದಿಂದ ಬಂದು ಹುನಗುಂದದ ಹೆದ್ದಾರಿ ಹಿಡಿದು ಊರೂರಿಗೆ ಗಿಡ ಇಳಿಸುತ್ತ ಹೋಗುತ್ತದೆ ಎಂದು ಅವನೇ ಹೇಳುತ್ತಿದ್ದನೋ ಏನೋ. ಪರೀಕ್ಷೆಯ ಕೋಣೆಯಲ್ಲಿ ಚೀಟಿ ಕೈಗೆ ಸಿಕ್ಕ ಮೇಲೆ ಹುಡುಗನ ಮಾತು ಯಾರು ಕೇಳುತ್ತಾರೆ? ಒಂದು ಕುಂಡ ಕೊಂಡು, ಮಡಿಲಲ್ಲಿ ಇಟ್ಟುಕೊಂಡು ಬಾಗಲಕೋಟೆಗೆ ಬಂದೆ. ಮಕ್ಕಳು ಹಿಂದಿನ ಸೀಟುಗಳಲ್ಲಿ ಹಾಡುತ್ತಿದ್ದರು, ನಾನು ಬೈಯುವ ಮಾತುಗಳನ್ನು ಜೋಡಿಸುತ್ತಿದ್ದೆ.

ಭಾನುವಾರ ಇಳಕಲ್ಲಿಗೆ ಹೋದೆ. ಯಾವಾಗಲೂ ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ಅವಳಿಗೆ ಕರದಂಟು ತೆಗೆದುಕೊಳ್ಳುತ್ತಿದ್ದೆ. ಆ ದಿನ ಇಳಿಯಲಿಲ್ಲ. ನರ್ಸರಿಯಲ್ಲಿ ಇಬ್ಬರು ಗಿರಾಕಿಗಳು ಗುಲಾಬಿ ನೋಡುತ್ತಿದ್ದರು. ಅವಳು ಮಣ್ಣಿನ ಕೈಯಲ್ಲೇ, "ಬಾ ಬಾ" ಎಂದು ಎದ್ದಳು. ನಾನು ಕುಂಡವನ್ನು ಅವಳ ಮೇಜಿನ ಮೇಲೆ ಕುಕ್ಕಿದೆ.

"ಇದು ಯಾರದು?"

ಅವಳು ಬಗ್ಗಿ ನೋಡಿದಳು. "ಚಂದ ಐತಿ. ಎಲ್ಲಿ ತಂದಿ?"

"ನೀ ಕಳಿಸಿದ ಕಡಿಂದನ ತಂದೇನಿ. ಬಾದಾಮಿಯಿಂದ."

"ನಾ ಬಾದಾಮಿಗೆ ಎಲ್ಲಿ ಕಳಸ್ತೇನಿ ಬೇ? ನನ್ನ ಗಿಡ ಹುನಗುಂದ ದಾಟೂದಿಲ್ಲ."

"ಹುನಗುಂದದ ತನಕ ನೀ ದಾಟಸ್ತಿ, ಮುಂದ ಟೆಂಪೋ ದಾಟಸ್ತೈತಿ. ನನಗ ಉದ್ದನ್ನ ಗಿಡ ತೋರಿಸಿ ಗಿಡ್ಡನ್ನೂವು ಮಾರಾಕತ್ತಿ. ಮೂರು ವರ್ಷ ಒಂದ ಕೋಣ್ಯಾಗ ಮಲಗಿ ಎದ್ದಾಕಿ ನೀ. ಕಳ್ಳಿ."

ಗಿರಾಕಿಗಳು ಗುಲಾಬಿ ಬಿಟ್ಟು ನಮ್ಮನ್ನು ನೋಡುತ್ತಿದ್ದರು. ಅವಳು ನಳದ ಹತ್ತಿರ ಹೋಗಿ ಕೈ ತೊಳೆದುಕೊಂಡಳು. ಬಹಳ ಹೊತ್ತು ತೊಳೆದಳು. ತಪ್ಪಿತಸ್ಥರು ಹೀಗೇ ಮಾಡುತ್ತಾರೆ ಎಂದುಕೊಂಡೆ. ಕುಂಡ ಎತ್ತಿಕೊಂಡು ಹೊರಬಂದೆ. ಬಸ್ಸಿನಲ್ಲಿ ಕೂತಾಗ, ಗೆದ್ದೆ ಎಂದೇ ಅನ್ನಿಸಿತ್ತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಮರುದಿನ ನಮ್ಮ ಬಾಗಿಲಿಗೆ ಒಂದು ಸಣ್ಣ ಟೆಂಪೋ ಬಂತು. ಹನ್ನೆರಡು ಕುಂಡಗಳು. ಪ್ರತಿಯೊಂದಕ್ಕೂ ಅವಳ ಕೈಬರಹದ ಚೀಟಿ, ನೆಟ್ಟ ದಿನ, ಗೊಬ್ಬರ ಹಾಕಿದ ದಿನ. "ಏನಾದ್ರೂ ಹೇಳಿ ಕಳಿಸ್ಯಾಳೇನು?" ಎಂದು ಡ್ರೈವರನನ್ನು ಕೇಳಿದೆ. "ಏನಿಲ್ರಿ. ಹನ್ನೆರಡೂ ಎಣಿಸಿ ಕೊಡು ಅಂದಾರ" ಎಂದ. ಅವಳು ಜೀವನದಲ್ಲಿ ಯಾರಿಗೂ ಏನನ್ನೂ ಎಣಿಸಿ ಕೊಟ್ಟವಳಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಕುಂಡಗಳನ್ನು ಎಣಿಸಿಯೇ ಇಳಿಸಿಕೊಂಡೆ.

ಮುಂದೆ ಗಿಡಗಳೇ ಒಂದೊಂದಾಗಿ ಸಾಕ್ಷಿ ಹೇಳತೊಡಗಿದವು. ಮೊದಲು ಬಾದಾಮಿಯ ಕುಂಡ. ಮನೆಯ ಬೆಳಕಿನಲ್ಲಿ ಅದರ ಹೂ ಬರೀ ಹಳದಿ, ಕೆಂಪು ಗೆರೆ ಸಂಜೆ ಬಿಸಿಲು ಕೊಟ್ಟದ್ದು. ಆಮೇಲೆ ಇಳಕಲ್ಲಿನ ಉದ್ದನೆಯ ಹನ್ನೆರಡು ಗಿಡಗಳು ಅರಳಿದವು. ಹನ್ನೆರಡರಲ್ಲೂ ಅಂಚಿಗೆ ತಾಮ್ರದ ಗೆರೆ. ಅವು ನನ್ನವೇ. ಆದರೂ ನಾನು ಸೋಲಲಿಲ್ಲ. ಇಂಥದೇ ಅಂಚಿನ ಬೇರೆ ಗಿಡ ಇರಬಾರದೇಕೆ, ಯಾರಿಗೆ ಗೊತ್ತು ಎಂದೆ. ಬೇಸಿಗೆಯಲ್ಲಿ ಇಳಕಲ್ಲಿನ ಹನ್ನೆರಡರ ಜೊತೆ ಬಾದಾಮಿಯ ಗಿಡವನ್ನೂ ಮೋಟು ಕತ್ತರಿಸಿ, ಅದನ್ನು ನೆರಳಿಗಿಟ್ಟೆ. ಮತ್ತೆ ಚಿಗುರಿದ್ದು ಮಳೆಗಾಲಕ್ಕೆ ಸರಕ್ಕನೆ ಸೊಂಟದ ತನಕ ಹೋಯಿತು. ಪ್ರಾಧ್ಯಾಪಕರನ್ನು ಕೇಳಿದರೆ, "ಅವಕ್ಕ ಬೆಳವಣಿಗಿ ತಡಿಯೂ ಔಷಧ ಹೊಡದಿರ್ತಾರ್ರಿ. ಔಷಧ ಇಳಿದ ಮ್ಯಾಲೆ ಅದರ ಖರೆ ಎತ್ತರ ತೋರಸ್ತೈತಿ" ಎಂದರು. ಅಂದರೆ ಬಾದಾಮಿಯ ಗಿಡ ಗಿಡ್ಡವೇ ಅಲ್ಲ. ಅವಳು ಮಾರಿರಲಿಲ್ಲ. ಹಾಗಾದರೆ ನನ್ನ ಗಿಡ ಅಲ್ಲಿ ಉದ್ದವಾದದ್ದು ಯಾಕೆ?

ಆ ಮಳೆಗಾಲ ಮಾಳಿಗೆಯ ನೆಲದಲ್ಲಿ ನೀರು ನಿಲ್ಲುತ್ತಿತ್ತು. ನನ್ನ ಹಳೆಯ ಮೂರು ಗಿಡಗಳಲ್ಲಿ ಎರಡು ಮುದಿಯಾಗಿ ಒಣಗಿದ್ದವು. ಕಟ್ಟೆಯ ಮೇಲೆ ಖಾಲಿಯಾದ ಜಾಗದಲ್ಲಿ ಇಳಕಲ್ಲಿನ ಎರಡು ಕುಂಡಗಳನ್ನು ಎತ್ತಿಟ್ಟೆ. ಉಳಿದ ಹತ್ತು ನೆಲದಲ್ಲೇ ಇದ್ದವು. ಶ್ರಾವಣ ಹತ್ತಿರ ಬರುವ ಹೊತ್ತಿಗೆ ಆ ಹತ್ತು ಮೊಣಕಾಲು ಮುಟ್ಟಿದವು. ಕಟ್ಟೆಯ ಮೇಲಿನ ಎರಡು ದುಂಡಗೆ, ಗೇಣುದ್ದ. ಒಂದೇ ಗಿಡ, ಒಂದೇ ಮಣ್ಣು, ಒಂದೇ ಟ್ಯಾಂಕಿನ ನೀರು.

ನಾನು ಪ್ರತಿ ವರ್ಷ ಎರಡನೆಯ ಪಿಯು ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುವ ಪಾಠ ಅದು. ತುದಿಯ ಕುಡಿ ಚಿವುಟಿದರೆ ಗಿಡ ಮೇಲೆ ಹೋಗುವುದು ಬಿಟ್ಟು ಬದಿಗೆ ಟಿಸಿಲು ಒಡೆಯುತ್ತದೆ. ನಾಲ್ಕು ಅಂಕದ ಪ್ರಶ್ನೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಪ್ರತಿ ಟೊಂಗೆಯ ತುದಿಯಲ್ಲೂ ಒಣಗಿದ ಸಣ್ಣ ಗಾಯ, ಅದರ ಕೆಳಗೆ ಎರಡು ಹೊಸ ಚಿಗುರು.

ಮರುದಿನ ಮುಂಜಾನೆ ಆರಕ್ಕೆ ಮಾಳಿಗೆ ಹತ್ತಿ ಟ್ಯಾಂಕಿನ ಹಿಂದೆ ನಿಂತೆ. ಕೋಣೆ ಕಾಯುವ ಕೆಲಸ, ನನಗೆ ಹೊಸದಲ್ಲ. ಪಕ್ಕದ ಮಾಳಿಗೆಯ ಮೇಲೆ ಕಣ್ಣಿಟ್ಟಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮಾವನವರು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಹಿತ್ತಾಳೆಯ ತಟ್ಟೆ ಹಿಡಿದಿದ್ದರು. ಕಟ್ಟೆಯ ಮುಂದೆ ನಿಂತು, ಗಿಡಕ್ಕೆ ಒಮ್ಮೆ ಕೈ ಮುಗಿದು, ಉಗುರಿನಿಂದ ಎಳೆಯ ಕುಡಿಗಳನ್ನು ಒಂದೊಂದಾಗಿ ಚಿವುಟಿ ತಟ್ಟೆಯಲ್ಲಿ ಹಾಕಿಕೊಳ್ಳತೊಡಗಿದರು.

"ಮಾವಾರ, ಏನ ಮಾಡಾಕತ್ತೀರಿ?"

ಅವರು ಬೆಚ್ಚಲಿಲ್ಲ. "ಪೂಜಿಗೆ ಪತ್ರಿ ತಗೊಳ್ಳಾಕತ್ತೇನವಾ. ಇದರ ಎಲಿ ಭಾಳ ಘಮಾ ಐತಿ."

"ಎಂದಿನಿಂದ?"

"ನೀ ಹೂವಿಗೆ ಕೈ ಹಚ್ಚಬ್ಯಾಡ್ರಿ ಅಂದಿಯಲ್ಲ, ಆಮ್ಯಾಲೆ ಇಲ್ಲಿ ಗಿಡ ಇಟ್ಟಾಗಿಂದ. ಹೂ ಮುಟ್ಟಿಲ್ಲವಾ ನಾ. ಮೊಗ್ಗಿ ಕಂಡ ಮ್ಯಾಲೆ ಗಿಡದ ಹತ್ರನೂ ಬರೂದಿಲ್ಲ. ಆವಾಗ ಪ್ಯಾಟಿಯಿಂದ ತರಸ್ಕೋತೇನಿ."

ಅವರು ತಟ್ಟೆ ನೋಡಿದರು, ನನ್ನ ಮುಖ ನೋಡಿದರು.

"ಯಾಕವಾ, ತಪ್ಪಾತೇನು? ನನಗ ಬಗ್ಗಾಕ ಬರೂದಿಲ್ಲ ಅಂತ ನೀನ ಈ ಕಟ್ಟಿ ಮ್ಯಾಲೆ ಎತ್ತಿ ಇಟ್ಟಿ ಅಂತ ತಿಳಕೊಂಡಿದ್ದೆ. ಹೋದ ವರ್ಷ ನಿಮ್ಮ ಅತ್ತಿಯವರ ಊರಿಂದ ಬಂದವ್ರಿಗೆಲ್ಲ ಹೇಳೇನಿ, ನಮ್ಮ ಸ್ವಸಿ ನನ್ನ ಮೊಣಕಾಲ ನೋಡಿ ಗಿಡ ಎತ್ತರಕ್ಕ ಇಟ್ಟಾಳ ಅಂತ."

"ತಪ್ಪೇನಿಲ್ರಿ" ಎಂದೆ. ಕೆಳಗೆ ಬಂದು ಅಡಿಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ. ಎರಡು ವರ್ಷದ ಕೆಲಸ ಹೋಯಿತು ಎಂದು ಅತ್ತದ್ದಲ್ಲ. ನಾನು ಮಾಡದ ಒಳ್ಳೆಯ ಕೆಲಸವನ್ನು ನನ್ನ ಹೆಸರಿಗೆ ಹಚ್ಚಿ ಆ ಮುದುಕ ದಿನಾ ಗಿಡಕ್ಕೆ ಕೈ ಮುಗಿಯುತ್ತಿದ್ದರು. ಅವಳು ಮಾಡದ ಕಳವನ್ನು ನಾನು ಅವಳ ಹೆಸರಿಗೆ ಹಚ್ಚಿ ಗಿರಾಕಿಗಳ ಮುಂದೆ ಕೂಗಿ ಬಂದಿದ್ದೆ.

ಆ ದಿನವೇ ಗೋಡೆಯ ಮುಳ್ಳು ತೆಗೆದೆ. ಪ್ರಾಧ್ಯಾಪಕರಿಗೆ ಫೋನು ಮಾಡಿ, ತಳಿಯೂ ಇಲ್ಲ, ಏನೂ ಇಲ್ಲ, ನಮ್ಮ ಮಾವನವರ ಉಗುರು ಅಷ್ಟೇ ಎಂದೆ. ಅವರು ನಕ್ಕರು. ಇಳಕಲ್ಲಿಗೆ ಫೋನು ಮಾಡಲು ಮೂರು ಸಲ ಕೈಗೆತ್ತಿಕೊಂಡು ಇಟ್ಟೆ. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ ಅದು.

ಶ್ರಾವಣದ ಮೊದಲ ವಾರ ಹೋದೆ. ಅಮೀನಗಡದಲ್ಲಿ ಇಳಿದು ಕರದಂಟು ಕೊಂಡೆ. ಹುನಗುಂದ ಬಂದಾಗ, ಇಲ್ಲೇ ಇಳಿದು ತಿರುಗಿ ಹೋಗಿಬಿಡಲೇ ಎಂದು ಒಂದು ಸಲ ಎದ್ದು ನಿಂತೆ. ಕಂಡಕ್ಟರ್, "ಇಳಕಲ್ಲ ಇನ್ನೂ ಮುಂದೈತ್ರಿ ಅಕ್ಕಾರ" ಎಂದು ಕೂರಿಸಿದ.

ಅವಳು ಪಾತಿಗೆ ನೀರು ಬಿಡುತ್ತಿದ್ದಳು. ನನ್ನನ್ನು ನೋಡಿ ಪೈಪು ಕೆಳಗಿಡಲಿಲ್ಲ. ನಾನು ನಿಂತಲ್ಲೇ ನಿಂತು ಎಲ್ಲ ಹೇಳಿದೆ. ಕಟ್ಟೆ, ಕುಡಿ, ಮಾವನವರು, ಬಾದಾಮಿಯ ಔಷಧದ ಗಿಡ, ಏನನ್ನೂ ಬಿಡಲಿಲ್ಲ. "ನಂದ ತಪ್ಪು" ಎಂದೆ. ಅವಳು ಒಂದು ಪಾತಿ ತುಂಬಿದ ಮೇಲೆ ಪೈಪನ್ನು ಇನ್ನೊಂದಕ್ಕೆ ಹಾಕಿದಳು.

"ಅಲ್ಲಿ ನೋಡು" ಎಂದಳು. ನರ್ಸರಿಯ ಆ ಮೂಲೆಯಲ್ಲಿ ಮೊದಲಿದ್ದ ಹಸಿರು ನೆರಳುಬಲೆ ಇರಲಿಲ್ಲ, ಕಂಬಗಳು ಮಾತ್ರ ಇದ್ದವು. "ಗಿಡ ಉದ್ದ ಬೆಳ್ಯಾಕತ್ತಿದ್ದಕ್ಕ ನಾ ಏನ ತಿಳಕೊಂಡೆ ಹೇಳಲಿ? ನನ್ನ ನೀರ ಸವಳು ಅಂತ ತಿಳಕೊಂಡೆ. ಹೊರಗಿಂದ ನೀರ ತರಿಸಿ ಹಾಕಿದೆ. ಮಣ್ಣ ಸರಿಯಿಲ್ಲ ಅಂತ ಮಣ್ಣ ಬದಲಿಸಿದೆ. ಆಮ್ಯಾಲೆ ನೆಳ್ಳ ಜಾಸ್ತಿ ಆಗಿ ಉದ್ದ ಆಗಿರಬೇಕು ಅಂತ ಬಲಿ ಕಿತ್ತ ತಗಸಿದೆ. ಆ ಬಿಸಲಿಗೆ ಎರಡು ಸಾಲು ಗುಲಾಬಿ ಸಸಿ ಸುಟ್ಟ ಹೋದೂವು."

"ಇಷ್ಟೆಲ್ಲ ಮಾಡಿದ್ದು ನನಗ ಹೇಳಬಾರದೇನ?"

"ಹೇಳಿದ್ರ ನಿನ್ನ ಗಿಡದ ಮ್ಯಾಲೆ ಸಂಶಯ ಪಟ್ಟಂಗ ಆಗ್ತಿತ್ತು. ನನ್ನ ಮಣ್ಣಿನ ಮ್ಯಾಲೆ ಪಟ್ಟೆ, ನೀರಿನ ಮ್ಯಾಲೆ ಪಟ್ಟೆ, ನನ್ನ ಕೈಗುಣದ ಮ್ಯಾಲೆ ಪಟ್ಟೆ. ನಿನ್ನ ಮ್ಯಾಲೆ ಪಡಾಕ ನನಗ ಹೊಳಿಲೇ ಇಲ್ಲ."

ಸಿಟ್ಟಿನಿಂದ ಹೇಳಲಿಲ್ಲ ಅವಳು. ಸಿಟ್ಟಾಗಿದ್ದರೆ ನನಗೆ ನಿಲ್ಲಲು ಸುಲಭವಾಗುತ್ತಿತ್ತು. ನಾನು ಕರದಂಟಿನ ಪೊಟ್ಟಣ ಹಿಡಿದುಕೊಂಡೇ ಇದ್ದೆ, ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವಳು ನಳ ಬಂದ್ ಮಾಡಿ, ಕೈ ಒರೆಸಿಕೊಂಡು, ನನ್ನನ್ನು ನೋಡದೆ ಒಳಗೆ ನಡೆದಳು. ಬಾಗಿಲ ಹತ್ತಿರ ನಿಂತು, "ಬಿಸಲಾಗ ನಿಂದರಬ್ಯಾಡ, ಒಳಗ ಬಾ" ಎಂದಳು.

ಮನಸ್ಸಿನಿಂದ ಕರೆದಳೋ, ಬಾಗಿಲಿಗೆ ಬಂದವರನ್ನು ಹಾಗೇ ಕಳಿಸಬಾರದೆಂದು ಕರೆದಳೋ? ಆಗಲೇ ನನ್ನ ತಲೆ ಅವಳ ದನಿಯನ್ನು ಹಿಡಿದು ತೂಗತೊಡಗಿತ್ತು. ಕೇಳಬೇಕೆಂದು ನಾಲಿಗೆಯ ತುದಿಯ ತನಕ ಬಂತು. ಕೇಳಲಿಲ್ಲ. ಚಪ್ಪಲಿ ಬಿಟ್ಟು ಅವಳ ಹಿಂದೆ ಒಳಗೆ ಹೋದೆ.